ಭೂರ್ಜಪತ್ರ, ಅಷ್ಟಗಂಧ, ದಾಳಿಂಬೆ ಕಡ್ಡಿ: ಯಂತ್ರ ಬರೆಯುವ ಸೆಟ್ ಹೇಗಿದೆ?

ಮನೆಯಲ್ಲೇ ಯಂತ್ರ (ತ್ರಿಕೋನ, ಷಟ್ಕೋನಗಳಿರುವ ಪೂಜೆಯ ರೇಖಾಚಿತ್ರ) ಬರೆದು ಪೂಜೆಗಿಡುವವರಿಗೆಂದು ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಸೆಟ್ ಇದು. ಬರೆಯಲು ಅಂಗೈಯಗಲದ ಭೂರ್ಜಪತ್ರ ಎಂಬ ಮರದ ತೊಗಟೆ, ಶಾಯಿಗೆ 10 ಗ್ರಾಂ ಅಷ್ಟಗಂಧದ (ಎಂಟು ಸುಗಂಧ ದ್ರವ್ಯಗಳ ಮಿಶ್ರಣ) ಪುಡಿ, ಲೇಖನಿಯಾಗಿ ಒಂದು ದಾಳಿಂಬೆ ಕಡ್ಡಿ.

ಪತ್ರ ಚೆನ್ನಾಗಿದೆ. ಅಂಚನ್ನು ಉಗುರಿನಿಂದ ಕೆದಕಿದರೆ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ, ಮೈಮೇಲೆ ಅಡ್ಡಗೆರೆಗಳಿವೆ. ಹಿಮಾಲಯದ ಭೂರ್ಜ ಮರದ ತೊಗಟೆಯ ಲಕ್ಷಣವೇ ಅದು. ನುಣುಪಾದ ಒಳಮೈಯಲ್ಲೇ ಬರೆಯಿರಿ. ಗೆರೆಗುಂಟ ಸೀಳುವ ಗುಣವಿರುವುದರಿಂದ ಕಡ್ಡಿಯನ್ನು ಒತ್ತಬೇಡಿ.

ತೊಂದರೆ ಇರುವುದು ಪುಡಿಯಲ್ಲಿ. ತೀರಾ ತರಿ. ನೇರವಾಗಿ ಕಲಸಿದರೆ ಕಡ್ಡಿಯ ತುದಿಗೆ ಗಂಟು ಕಟ್ಟಿ, ತ್ರಿಕೋನದ ಮೂಲೆಗಳು ಹರಡುತ್ತವೆ. ಅರ್ಧ ಚಮಚ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಸಾಣೆಕಲ್ಲಿನಲ್ಲಿ ತೇಯ್ದ ಗಂಧ ಸೇರಿಸಿ, ಪನ್ನೀರನ್ನು ಹನಿಹನಿಯಾಗಿ ಹಾಕುತ್ತ ತೆಳು ಮಜ್ಜಿಗೆಯ ಹದಕ್ಕೆ ತನ್ನಿ. ನೀರು ಹೆಚ್ಚಾದರೆ ತೊಗಟೆಯ ಮೇಲೆ ಹನಿಗಟ್ಟುತ್ತದೆ, ಹಿಡಿಯುವುದಿಲ್ಲ. ಅಂಟಿನ ಅಂಶವಿಲ್ಲದ ಕಾರಣ ಒಣಗಿದ ಗೆರೆ ಉದುರುತ್ತದೆ. ನೆನೆಸಿದ ಗೋಂದಿನ ನೀರು ಒಂದೆರಡು ಹನಿ ಸಾಕು. ಸಂಪ್ರದಾಯ ಒಪ್ಪದವರು ಗೋಂದು ಬಿಟ್ಟು, ಗಂಧವನ್ನೇ ಹೆಚ್ಚಿಸಬಹುದು.

ಕಡ್ಡಿ ಮೊಂಡು. ಓರೆಯಾಗಿ ಕೊಯ್ದು, ತುದಿಯನ್ನು ಸ್ವಲ್ಪ ಜಜ್ಜಿದರೆ ಶಾಯಿ ನಿಲ್ಲುತ್ತದೆ.

ಇಷ್ಟು ಚಿಕ್ಕ ಪತ್ರದಲ್ಲಿ 43 ಕಿರುತ್ರಿಕೋನಗಳ ಶ್ರೀಚಕ್ರ ಬರೆಯಲು ಹೋಗಬೇಡಿ, ಸಂಧಿಗಳೆಲ್ಲ ಕಲೆಸಿಹೋಗುತ್ತವೆ. ಷಟ್ಕೋನ, ನಡುವೆ ಬೀಜಾಕ್ಷರ ಇರುವ ಯಂತ್ರಕ್ಕೆ ಅಳತೆ ಸರಿಯಾಗಿದೆ. ತಾಯಿತಕ್ಕೆ ಹಾಕುವುದಾದರೆ ಬರೆಯುವ ಮೊದಲೇ ಪತ್ರ ಕತ್ತರಿಸಿ; ಪೂರ್ತಿ ಒಣಗಿದ ಮೇಲೆ ಮಡಚದೆ ಸಡಿಲವಾಗಿ ಸುತ್ತಿ. ಪತ್ರ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ.