ಗಾಲ್ಜಿಬಾಗದ ಹಂಚಿನ ಮನೆಯಲ್ಲಿ ಆರು ರಾತ್ರಿ

ಅಡುಗೆಮನೆಯಲ್ಲಿ ಅರೆಯುವ ಕಲ್ಲು ಇದೆಯೇ ಎಂದು ಫೋನಿನಲ್ಲಿ ಕೇಳಿದಾಗ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಕಲ್ಲೂ ಇದೆ, ಮಿಕ್ಸಿಯೂ ಇದೆ. ಅರೆಯುವವರು ಯಾರು?” ಎಂದರು. “ನಮ್ಮ ಅತ್ತೆ” ಎಂದೆ. “ಹಾಗಾದರೆ ಬನ್ನಿ” ಎಂದರು. ಮನೆ ಗೊತ್ತಾದದ್ದು ಅಷ್ಟರಲ್ಲಿಯೇ.

ನಾವು ಮುಂಬಯಿ ಬಳಿಯ ಡೊಂಬಿವಲಿಯವರು. ಮೂಲ ಕುಂದಾಪುರದ ಕಡೆ. ಮನೆಯಲ್ಲಿ ಐದು ಜನ: ನಾನು, ನಮ್ಮವರು, ಹನ್ನೊಂದರ ಮಗ, ಆರರ ಮಗಳು, ಮೊಣಕಾಲು ನೋವಿನ ಅತ್ತೆ. ಹೋದ ವರ್ಷ ಉತ್ತರ ಗೋವಾದ ಒಂದು ರೆಸಾರ್ಟಿಗೆ ಹೋಗಿದ್ದೆವು. ಊಟ, ತಿಂಡಿ, ಈಜುಕೊಳ ಎಲ್ಲವೂ ಒಂದೇ ದುಡ್ಡಿನಲ್ಲಿ. ಮುಂಗೈಗೆ ಒಂದು ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋಗಬೇಕು. ಮೂರು ರಾತ್ರಿಗೆ 72,000 ರೂಪಾಯಿ ಆಯಿತು. ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ. ಕೊಟ್ಟ ಹಣ ವಸೂಲಾಗಬೇಕೆಂದು ಎಲ್ಲರೂ ಅಲ್ಲಿಯೇ ಉಳಿದೆವು. ಮಕ್ಕಳು ಎರಡು ದಿನ ಈಜುಕೊಳ ಬಿಟ್ಟು ಏಳಲಿಲ್ಲ, ಸಮುದ್ರವನ್ನು ಮೂರನೆಯ ದಿನ ಅರ್ಧ ಗಂಟೆ ನೋಡಿದರು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಮೂರು ದಿನವೂ ಮುಳ್ಳಿರುವ ಮೀನು ಸಿಗಲಿಲ್ಲ. ಮರಳಿ ಬರುವಾಗ ಅವರು, “ಸಮುದ್ರ ಎಲ್ಲಿತ್ತು?” ಎಂದು ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ವರ್ಷವಿಡೀ ಉಳಿಯಿತು.

ಈ ಜನವರಿಯಲ್ಲಿ ಸೋಮವಾರದ ಗಣರಾಜ್ಯೋತ್ಸವಕ್ಕೆ ನಾಲ್ಕು ದಿನ ರಜೆ ಸೇರಿಸಿ ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕಿನ ಗಾಲ್ಜಿಬಾಗಕ್ಕೆ ಹೋದೆವು. ನಮ್ಮವರ ಕಚೇರಿಯಲ್ಲಿ ಆ ಕಡೆಯವರೊಬ್ಬರು ಇದ್ದಾರೆ. ಅವರ ಪರಿಚಯದಿಂದ ಸಿಕ್ಕ ಮನೆ ಇದು. ಗೇಟಿನ ಮೇಲೆ ಹೆಸರಿಲ್ಲ, ಅಂತರ್ಜಾಲದಲ್ಲಿ ಚಿತ್ರವಿಲ್ಲ. ಮಾಲೀಕರು ಅರವತ್ತು ದಾಟಿದ ಕ್ರೈಸ್ತ ಹೆಂಗಸು, ಪಕ್ಕದ ಚಿಕ್ಕ ಮನೆಯಲ್ಲಿ ತಮ್ಮನ ಜೊತೆ ಇರುತ್ತಾರೆ. ಹೆಂಗಸರನ್ನು ಗೌರವದಿಂದ ಕರೆಯುವ ಆ ಕಡೆಯ ಮಾತಿನಂತೆ ನಾವು ಅವರನ್ನು ‘ಬಾಯಿ’ ಎಂದೇ ಕರೆದೆವು. ಕಾರವಾರದ ಸಂತೆ, ಕಾರವಾರದ ಆಸ್ಪತ್ರೆ ಎಂದು ಜೀವನವಿಡೀ ಓಡಾಡಿದವರಾದ್ದರಿಂದ ಅವರಿಗೆ ಕನ್ನಡ ಬರುತ್ತದೆ. ಕೊಂಕಣಿಯ ರಾಗದಲ್ಲಿ, ಆದರೆ ತಡವರಿಸದೆ ಮಾತನಾಡುತ್ತಾರೆ.

ಹೋಗುವ ದಾರಿಯನ್ನು ಹೇಳಿಬಿಡುತ್ತೇನೆ. ಶುಕ್ರವಾರ ರಾತ್ರಿ ಠಾಣೆಯಲ್ಲಿ ಕೊಂಕಣ ಕನ್ಯಾ ರೈಲು ಹತ್ತಿದರೆ ಬೆಳಿಗ್ಗೆ ಮಡಗಾಂವ್. ಈಗ ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ರಜೆಯ ವಾರವಾದರೆ ತೆರೆದ ದಿನವೇ, ತೆರೆದ ಗಳಿಗೆಯಲ್ಲಿಯೇ ಕುಳಿತು ಬುಕ್ ಮಾಡಬೇಕು. ಐದು ದಾಟಿದ ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕಾಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಮಡಗಾಂವಿನಿಂದ ಕಾಣಕೋಣದ ಪೇಟೆಯಾದ ಚಾವಡಿಗೆ ಸುಮಾರು 40 ಕಿಲೋಮೀಟರ್, ಕರಮಲ ಘಾಟಿ ದಾಟಿ ಹೋಗಬೇಕು. ಕದಂಬ ಎಂಬ ಸರ್ಕಾರಿ ಬಸ್ಸುಗಳಿವೆ. ಅತ್ತೆಯ ಕಾಲು ಮತ್ತು ನಾಲ್ಕು ಚೀಲ ನೋಡಿ ನಾವು ಟ್ಯಾಕ್ಸಿ ಮಾಡಿ 2,200 ರೂಪಾಯಿ ಕೊಟ್ಟೆವು. 2019ರಲ್ಲಿ ತೆರೆದ ಬೈಪಾಸ್ ರಸ್ತೆ ತಳಪಣ ಮತ್ತು ಗಾಲ್ಜಿಬಾಗ ನದಿಗಳನ್ನು ಸೇತುವೆಗಳ ಮೇಲೆ ದಾಟಿಸುವುದರಿಂದ ಕೊನೆಯ ಭಾಗ ಬೇಗ ಮುಗಿಯುತ್ತದೆ.

ಮನೆ ಮಂಗಳೂರು ಹಂಚಿನದು. ಎರಡು ಕೋಣೆ, ನಡುವೆ ಒಂದು ಪಡಸಾಲೆ, ಹಿಂದೆ ಅಡುಗೆಮನೆ, ಮುಂದೆ ಉದ್ದನೆಯ ಜಗಲಿ. ಜಗಲಿಯ ಎರಡೂ ಬದಿಗೆ ಕೂರಲು ಸಿಮೆಂಟಿನ ಕಟ್ಟೆ, ಅದಕ್ಕೆ ಕೆಂಪು ಗಾರೆ. ನಮ್ಮ ದಿನದ ಬಹುಪಾಲು ಆ ಕಟ್ಟೆಯ ಮೇಲೆಯೇ ಕಳೆಯಿತು. ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಫ್ರಿಜ್, ಮಣ್ಣಿನ ಮಡಕೆಗಳು, ಬಾವಿಯ ನೀರು. ಕುಡಿಯಲು ಬಾಯಿಯವರೇ ನೀರು ಕುದಿಸಿ ಕೊಟ್ಟರು. ದಿನಕ್ಕೆ 2,800 ರೂಪಾಯಿ, ಎರಡು ಕೋಣೆಗೂ ಸೇರಿ. ಗಾಳಿಮರಗಳ ತೋಪು ದಾಟಿದರೆ ಸಮುದ್ರ. ಅತ್ತೆಯ ನಡಿಗೆಯಲ್ಲಿ ಎಂಟು ನಿಮಿಷ, ಮಗಳ ಓಟದಲ್ಲಿ ಎರಡು.

ಬೆಳಿಗ್ಗೆ ಏಳಕ್ಕೆ ಮುಂಚೆ ಪೊದೇರ್, ಎಂದರೆ ಬ್ರೆಡ್ ಮಾರುವವನು, ಬರುತ್ತಾನೆ. ಸೈಕಲ್ಲಿನ ಹಿಂದೆ ಬಟ್ಟೆ ಮುಚ್ಚಿದ ಬುಟ್ಟಿ, ಹಿಡಿಗೆ ಕಟ್ಟಿದ ರಬ್ಬರ್ ಹಾರ್ನ್. ಆ ಸದ್ದು ಕೇಳಿದ ಕೂಡಲೇ ಮಗಳು ಚಿಲ್ಲರೆ ಹಿಡಿದು ಗೇಟಿಗೆ ಓಡುತ್ತಿದ್ದಳು. ತೌಡು ಮೆತ್ತಿದ, ಒಳಗೆ ಟೊಳ್ಳಾದ ಪೊಯಿ ಬ್ರೆಡ್ ಕೈಗೆ ಬಂದಾಗ ಇನ್ನೂ ಬಿಸಿ. ಅದನ್ನು ಜೇಬಿನಂತೆ ಸೀಳಿ ಒಳಗೆ ಮೊಟ್ಟೆ ತುಂಬಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ನೆನಪಿರುವುದಿಲ್ಲ. ಬಳೆಯ ಹಾಗೆ ಗುಂಡಗೆ, ಗರಿಗರಿಯಾಗಿ ಇರುವ ಕಾಂಕಣವನ್ನು ಅತ್ತೆ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು.

ಮೀನಿನಾಕೆ ಒಂಬತ್ತಕ್ಕೆ ಸ್ಕೂಟರಿನಲ್ಲಿ ಬರುತ್ತಾಳೆ. ಮೊದಲ ದಿನ ಅತ್ತೆ ಜಗಲಿಯಿಂದ ಇಳಿದು ಬಂದು ಬುಟ್ಟಿಯ ಮುಂದೆ ಕುಳಿತರು. ಮೊಣಕಾಲು ನೋವಿದ್ದೂ ಕುಳಿತರು. ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ನೋಡಿದರು: ಒಳಗೆ ದಾಸವಾಳದ ಕೆಂಪು. ಬೆನ್ನು ಒತ್ತಿದರು, ಬೆರಳಿನ ಗುರುತು ನಿಲ್ಲಲಿಲ್ಲ. ಕಣ್ಣು ನೋಡಿ, “ಇದು ರಾತ್ರಿಯದು” ಎಂದರು. ಮೀನಿನಾಕೆಗೆ ಕನ್ನಡ ಬಾರದು, ಅತ್ತೆಗೆ ಕೊಂಕಣಿ ಬಾರದು. ಆದರೂ ಆಕೆ ನಕ್ಕು ತಲೆಯಾಡಿಸಿ ಎರಡು ಮೀನು ಹೆಚ್ಚಿಗೆ ಹಾಕಿದಳು. ಡೊಂಬಿವಲಿಯ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲಿನ ಮೀನು ಕೊಳ್ಳುವ ನನಗೆ ಅತ್ತೆಯ ಈ ವಿದ್ಯೆ ಹದಿಮೂರು ವರ್ಷದಿಂದ ಜೊತೆಗಿದ್ದೂ ಗೊತ್ತಿರಲಿಲ್ಲ. ನಾವು ಕಾಣೆ ಎನ್ನುವುದನ್ನು ಇವರು ಮುಡ್ದೊಶಿ ಎನ್ನುತ್ತಾರೆ, ಅಂಜಲನ್ನು ವಿಸ್ವಣ ಎನ್ನುತ್ತಾರೆ. ಹೆಸರು ಕಲಿತು ಹೋದರೆ ಕೊಳ್ಳುವುದು ಸಲೀಸು.

ಊರಿನಿಂದ ತಂದ ಬ್ಯಾಡಗಿ ಮೆಣಸು ಹುರಿದು ಅತ್ತೆ ಕಲ್ಲಿನಲ್ಲಿ ಅರೆದರು. ಸದ್ದು ಕೇಳಿ ಬಾಯಿ ಬಂದು ಬಾಗಿಲಲ್ಲಿ ನಿಂತರು. ಮರುದಿನ ಅವರು ತಮ್ಮ ಉಡ್ದಮೇಥಿ ಮಾಡಿ ತಂದರು. ಉದ್ದು ಮೆಂತೆ ಹುರಿದು ತೆಂಗಿನಕಾಯಿ ಜೊತೆ ಅರೆದ ಬಂಗುಡೆ ಸಾರು. ಮುಚ್ಚಳ ತೆಗೆದ ಕೂಡಲೇ ಅತ್ತೆ, “ಜುಮ್ಮನಕಾಯಿ!” ಎಂದರು. ಅವರ ತವರಿನ ಹಿತ್ತಲಲ್ಲಿ ಮುಳ್ಳಿನ ಮರವೊಂದಿತ್ತಂತೆ, ಅದರ ಕಾಯಿ ಒಣಗಿಸಿ ಮೀನಿಗೆ ಹಾಕುತ್ತಿದ್ದರಂತೆ. ಇಲ್ಲಿಯವರು ಅದನ್ನೇ ತೆಫಳಾ ಎನ್ನುತ್ತಾರೆ. ಆಮೇಲೆ ಉಳಿದ ದಿನಗಳಲ್ಲಿ ಅಡುಗೆಮನೆ ಆ ಇಬ್ಬರ ಪಾಲಾಯಿತು. ನನಗೆ ಆರು ದಿನ ಏನು ಅಡುಗೆ ಎಂಬ ಯೋಚನೆಯೇ ಇರಲಿಲ್ಲ. ರಜೆಯಲ್ಲಿಯೂ ಅಡುಗೆಯೇ ಎಂದು ಕೇಳುವ ಗೆಳತಿಯರಿಗೆ ನನ್ನ ಉತ್ತರ ಇದು: ಒಂದು ಹೊತ್ತು ಮನೆಯಲ್ಲಿ ಮಾಡಿ, ಇನ್ನೊಂದು ಹೊತ್ತು ಹೊರಗೆ ತಿನ್ನಿ. ಚಾವಡಿಯ ಚಿಕ್ಕ ಹೋಟೆಲುಗಳಲ್ಲಿ ಮೀನಿನ ಊಟ ಚೆನ್ನಾಗಿದೆ. ಅನ್ನ, ಸಾರು, ಒಣ ಸಿಗಡಿಯ ಕಿಸ್ಮೂರ್, ಹುರಿದ ಮೀನು, ಸೋಲ್ ಕಡಿ. ಮಕ್ಕಳಿಗೆ ಬೇಕೆನಿಸಿದಾಗ ಅನ್ನ ಮೊಸರು ಕಲಸಿಕೊಡಲು ಸ್ವಂತ ಅಡುಗೆಮನೆ ಇರುವುದು ಎಷ್ಟು ನೆಮ್ಮದಿ ಎಂದು ಮಕ್ಕಳೊಂದಿಗೆ ಪ್ರಯಾಣ ಮಾಡಿದವರಿಗೆ ಗೊತ್ತು.

ಗಾಲ್ಜಿಬಾಗದ ಕಡಲತೀರ ಕಡಲಾಮೆಗಳದು. ಗೋವಾದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವ ತಾಣಗಳು ದಕ್ಷಿಣದಲ್ಲಿ ಗಾಲ್ಜಿಬಾಗ ಮತ್ತು ಅಗೋಂದ, ಉತ್ತರದಲ್ಲಿ ಮೊರ್ಜಿ ಮತ್ತು ಮಾಂದ್ರೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಜಾಲರಿ ಕಟ್ಟಿ ಕಾಯುತ್ತಾರೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ನಮಗೆ ಮರಿಗಳು ಕಾಣಸಿಗಲಿಲ್ಲ, ಜಾಲರಿ ಮಾತ್ರ ಕಂಡಿತು. ಆದರೆ ಮೊದಲ ರಾತ್ರಿ ನಾವು ಟಾರ್ಚ್ ಹಿಡಿದು ತೀರಕ್ಕೆ ಹೊರಟಾಗ ಬಾಯಿ ತಡೆದರು. “ಬೆಳಕು ಕಂಡರೆ ಆಮೆ ದಡಕ್ಕೆ ಬರುವುದಿಲ್ಲ, ಬಂದದ್ದು ಹಿಂದಿರುಗುತ್ತದೆ. ಮರಿಗಳು ಬೆಳಕನ್ನೇ ಸಮುದ್ರವೆಂದು ತಿಳಿದು ಊರಿನ ಕಡೆ ನಡೆಯುತ್ತವೆ” ಎಂದರು. ಮಗಳು ಅಂದಿನಿಂದ ಜಗಲಿಯ ದೀಪವನ್ನೂ ತಾನೇ ಆರಿಸತೊಡಗಿದಳು. ರಾತ್ರಿ ತೀರದಲ್ಲಿ ಹಾಡು, ಕುಣಿತ, ಬೆಂಕಿ ಬೇಕೆನ್ನುವವರು ದಯವಿಟ್ಟು ಈ ಊರಿಗೆ ಬರಬೇಡಿ. ಇದನ್ನು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮಗನಿಗೆ ಬೇರೆಯೇ ಹುಚ್ಚು ಹಿಡಿಯಿತು. ಮೊದಲ ದಿನ ಬೆಳಿಗ್ಗೆ ಇಳಿತದಲ್ಲಿ ನೀರು ದೂರ ಸರಿದಿತ್ತು. ಅವನು ಅಂಚಿನಲ್ಲಿ ಒಂದು ಕೋಲು ನೆಟ್ಟು ಗಡಿಯಾರ ನೋಡಿ ಬರೆದುಕೊಂಡ. ಮರುದಿನ ಅದೇ ಹೊತ್ತಿಗೆ ಹೋದರೆ ನೀರು ಇನ್ನೂ ಇಳಿಯುತ್ತಿತ್ತು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದು ಮೂರನೆಯ ದಿನ ತಾನೇ ಲೆಕ್ಕ ಹಾಕಿ ಹೇಳಿದ. ಚಂದ್ರನೂ ಪ್ರತಿದಿನ ಅಷ್ಟೇ ತಡವಾಗಿ ಹುಟ್ಟುತ್ತಾನೆ ಎಂದು ಅವನ ಅಪ್ಪ ಹೇಳಿದಾಗ ಅಪ್ಪನೂ ಮಗನೂ ಒಟ್ಟಿಗೆ ಆಕಾಶ ನೋಡುತ್ತಾ ನಿಂತರು. ನಮ್ಮವರು ಮೊಬೈಲ್ ಇಲ್ಲದೆ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗಾಲ್ಜಿಬಾಗದಲ್ಲಿ ನದಿ ಸಮುದ್ರ ಸೇರುವ ಅಳಿವೆ ಇದೆ. ಅಲ್ಲಿ ಸೆಳೆತ ಜೋರು, ನೀರಿಗೆ ಇಳಿಯಲೇಬಾರದು. ಉಳಿದ ಕಡೆಯೂ ನಾವು ಮಕ್ಕಳನ್ನು ಮೊಣಕಾಲು ಮುಳುಗುವವರೆಗೆ ಮಾತ್ರ ಬಿಟ್ಟೆವು. ಮನಸಾರೆ ಆಡಲು ಎರಡು ದಿನ ಪಾಳೊಳೆ (ಪಾಲೋಲೆಂ) ತೀರಕ್ಕೆ ಕರೆದುಕೊಂಡು ಹೋದೆವು. ಅದು ಅರ್ಧಚಂದ್ರನ ಆಕಾರದ ಕೊಲ್ಲಿ, ಅಲೆ ಮೆಲು, ಇಳಿಜಾರು ನಿಧಾನ, ಜೀವರಕ್ಷಕರಿದ್ದಾರೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಆಡಬೇಕು, ಬರಿಯ ಕೆಂಪು ಬಾವುಟ ಇದ್ದಲ್ಲಿ ಇಳಿಯಬಾರದು. ಹಿಂದಕ್ಕೆಳೆಯುವ ನೀರಿಗೆ ಸಿಕ್ಕಿದರೆ ದಡದ ಕಡೆಗೆ ಸೆಣಸಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು ಎಂಬುದನ್ನು ದೊಡ್ಡ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಪಾಳೊಳೆಯಲ್ಲಿ ಜನ ಹೆಚ್ಚು, ಬೆಲೆಯೂ ಹೆಚ್ಚು. ಸಂಜೆ ಹಿಂದಿರುಗಿ ನಮ್ಮ ತೋಪಿನೊಳಗೆ ಕಾಲಿಟ್ಟಾಗ ಗಾಳಿಮರಗಳ ಸುಯ್ಯೆನ್ನುವ ಸದ್ದೊಂದೇ ಇರುತ್ತಿತ್ತು.

ಒಂದು ದಿನ ಕೋಟಿಗಾಂವ್ ಅಭಯಾರಣ್ಯಕ್ಕೂ ಹೋದೆವು. 1968ರಲ್ಲಿ ಘೋಷಿಸಿದ ಕಾಡು. ಪ್ರಾಣಿ ಕಾಣಲಿಲ್ಲ, ನೆರಳು ಚೆನ್ನಾಗಿತ್ತು. ಚಾವಡಿಯಿಂದ ಬಸ್ಸಿನಲ್ಲಿ ಬರುವಾಗ ಮಗ, “ಇವರು ನಮ್ಮ ಬನವಾಸಿಯ ಕದಂಬರೇ?” ಎಂದು ಬಸ್ಸಿನ ಹೆಸರು ತೋರಿಸಿ ಕೇಳಿದ. ಗೋವಾವನ್ನು ಆಳಿದ ಕದಂಬರ ಹೆಸರೇ ಇಲ್ಲಿನ ಸರ್ಕಾರಿ ಬಸ್ಸಿಗೂ ಬಂದದ್ದು ಎಂದು ಹೇಳಿದೆ. ಮುಂದಿನ ಸೀಟಿನಲ್ಲಿದ್ದ ಗದಗಿನ ಕೂಲಿಯವರೊಬ್ಬರು ಕನ್ನಡ ಕೇಳಿ ತಿರುಗಿ, “ಯಾವ ಊರ್ರಿ ನಿಮ್ಮದು?” ಎಂದು ಮಾತಿಗಿಳಿದರು. ಇಳಿಯುವಾಗ ಮಗಳ ಕೈಗೆ ಎರಡು ಪೇರಲ ಹಣ್ಣು ಕೊಟ್ಟರು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ವೈಫೈ ಇಲ್ಲ, ಮೊಬೈಲ್ ಸಂಕೇತ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಎರಡು ಸಂಜೆ ವಿದ್ಯುತ್ ಹೋಯಿತು. ಸೊಳ್ಳೆ ಇವೆ, ಪರದೆ ಕೊಡುತ್ತಾರೆ, ಆದರೆ ಒಂದರಲ್ಲಿ ತೂತಿತ್ತು, ಸೂಜಿ ದಾರ ಕೇಳಿ ನಾನೇ ಹೊಲಿದೆ. ಹವಾನಿಯಂತ್ರಣ ಇಲ್ಲ. ಜನವರಿಯಲ್ಲಿ ಬೇಕಾಗಲಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಬೇಕೇ ಬೇಕು. ಕತ್ತಲಾದ ಮೇಲೆ ರಿಕ್ಷಾ ಸಿಗುವುದಿಲ್ಲ, ಆದ್ದರಿಂದ ಮಗುವಿನ ಜ್ವರದ ಔಷಧಿ ಜೊತೆಗಿರಲಿ. ನಮ್ಮವರು ಮೂರನೆಯ ದಿನ ಸ್ಕೂಟರ್ ಬಾಡಿಗೆಗೆ ತಂದ ಮೇಲೆ ತೊಂದರೆ ಕಡಿಮೆಯಾಯಿತು. ಮೊದಲ ದಿನವೇ ತರಬೇಕಿತ್ತು.

ಇಂಥ ಮನೆ ಹುಡುಕುವವರು ತಳಪಣ, ಪಾಟ್ನೆ, ಅಗೋಂದಗಳಲ್ಲಿಯೂ ವಿಚಾರಿಸಬಹುದು. ಬಾಡಿಗೆಗೆ ಮೊದಲು ಕೇಳಬೇಕಾದದ್ದು ಬೇರೆ ಇದೆ: ಕಮೋಡ್ ಇದೆಯೇ, ಎಷ್ಟು ಮೆಟ್ಟಿಲು, ಸಿಲಿಂಡರ್ ಯಾರದು, ತೀರಕ್ಕೆ ಹೋಗಲು ಹೆದ್ದಾರಿ ದಾಟಬೇಕೇ, ಪ್ರವಾಸೋದ್ಯಮ ಇಲಾಖೆಯಲ್ಲಿ ಮನೆ ನೋಂದಣಿಯಾಗಿದೆಯೇ. ಗೋವಾದಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವವರಿಗೆ 1982ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ನಾವು ಕೇಳುವ ಮೊದಲೇ ಬಾಯಿ ಕಾಗದ ತೋರಿಸಿದರು. ರೈಲು, ಬಾಡಿಗೆ, ಊಟ, ಓಡಾಟ ಎಲ್ಲ ಸೇರಿ ಐದು ಜನಕ್ಕೆ ಆರು ರಾತ್ರಿಗೆ ಸುಮಾರು 40,000 ರೂಪಾಯಿ ಆಯಿತು.

ಮೆಟ್ಟಿಲನ್ನು ಕೇಳಲು ನಾನೇ ಮರೆತಿದ್ದೆ. ಬಚ್ಚಲುಮನೆಯ ಹೊಸ್ತಿಲು ಒಂದೂಕಾಲು ಅಡಿ ಎತ್ತರ, ಅತ್ತೆಗೆ ಹತ್ತಲು ಆಗಲಿಲ್ಲ. ಮೊದಲ ದಿನ ನಾನು ಮತ್ತು ನಮ್ಮವರು ಎರಡೂ ಕಡೆ ಹಿಡಿದು ಹತ್ತಿಸಿದೆವು. ಅವರಿಗೆ ಅದು ಬಹಳ ಸಂಕೋಚವಾಯಿತು. ಮರುದಿನ ಬೆಳಿಗ್ಗೆ ನಾವು ಏಳುವ ಮೊದಲೇ ಬಾಯಿಯ ತಮ್ಮ ಹಿತ್ತಲಿನಿಂದ ಒಂದು ಮುರಕಲ್ಲು ತಂದು ಹೊಸ್ತಿಲ ಮುಂದೆ ಕೂರಿಸಿ, ಅಲುಗಾಡದಂತೆ ಸುತ್ತ ಸಿಮೆಂಟು ಮೆತ್ತಿದ್ದರು. ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಬಳೆಯನ್ನೂ ಹೊಡೆದಿದ್ದರು. ಅಂದಿನಿಂದ ಅತ್ತೆ ಯಾರನ್ನೂ ಕರೆಯಲಿಲ್ಲ. ಹೊರಡುವ ದಿನ ಕೇಳಿದಾಗ ಬಾಯಿ, “ಅದು ಅಲ್ಲಿಯೇ ಇರುತ್ತದೆ. ನಿಮ್ಮ ಅತ್ತೆ ಬರುತ್ತಾರಲ್ಲ” ಎಂದರು.