ಫ್ರೈ ಕೋರ್ಟಾ, ಡೌಬರ್ಟ್ ಕೋರ್ಟಾ?

ಅಮೆರಿಕದಲ್ಲಿ ಗಾಯದ ಪರಿಹಾರದ ಕೇಸನ್ನು ರಾಜ್ಯದ ಕೋರ್ಟಿನಲ್ಲಿ ಹಾಕೋದಾ, ಫೆಡರಲ್ (ಕೇಂದ್ರದ) ಕೋರ್ಟಿನಲ್ಲಾ ಅಂತ ಕೇಳಿದ್ದೀರಿ. ಮೊದಲು ನೋಡಬೇಕಾದ್ದು ನಿಮ್ಮ ತಜ್ಞರ ಮಾತು ಜ್ಯೂರಿವರೆಗೂ (ತೀರ್ಪು ಹೇಳೋ ಸಾಮಾನ್ಯ ನಾಗರಿಕರ ಗುಂಪಿನವರೆಗೂ) ಹೋಗುತ್ತಾ ಅನ್ನೋದು. ಅದನ್ನು ತೀರ್ಮಾನಿಸೋಕೆ ಕೋರ್ಟುಗಳು ಬಳಸೋ ಎರಡು ಅಳತೆಗೋಲು ಫ್ರೈ ಮತ್ತು ಡೌಬರ್ಟ್, ಎರಡೂ ಹಳೆಯ ಕೇಸುಗಳ ಹೆಸರು.

ಫ್ರೈ 1923ರದು. ಕೇಳೋದು ಒಂದೇ: ಈ ವಿಧಾನವನ್ನು ಆ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿದ್ದಾರಾ? ನ್ಯೂಯಾರ್ಕ್, ಇಲಿನಾಯ್, ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಈಗಲೂ ಇದೇ.

ಡೌಬರ್ಟ್ 1993ರದು, ಫೆಡರಲ್ ಕೋರ್ಟುಗಳಲ್ಲಿ ನಡೆಯೋದು ಇದು. ಪರೀಕ್ಷೆ ಮಾಡಿದ್ದಾರಾ, ತಪ್ಪಿನ ಪ್ರಮಾಣ ಎಷ್ಟು, ಬೇರೆ ವಿಜ್ಞಾನಿಗಳು ಪರಿಶೀಲಿಸಿದ್ದಾರಾ ಅಂತ ಜಡ್ಜೇ ಕೂತು ಕೆದಕುತ್ತಾರೆ. ಬಸುರಿಯರು ವಾಂತಿಗೆ ತಗೊಳ್ಳುತ್ತಿದ್ದ ಬೆಂಡೆಕ್ಟಿನ್ ಮಾತ್ರೆಯಿಂದ ಮಕ್ಕಳು ಅಂಗದ ಊನದೊಂದಿಗೆ ಹುಟ್ಟಿದರು ಅಂತ ಕುಟುಂಬಗಳು ಹಾಕಿದ ಕೇಸದು. ಸುಪ್ರೀಂ ಕೋರ್ಟು ಫ್ರೈ ಕಟ್ಟು ಸಡಿಲಿಸಿದರೂ, 1995ರಲ್ಲಿ ಕೆಳಗಿನ ಮೇಲ್ಮನವಿ ಕೋರ್ಟು ಅದೇ ಕುಟುಂಬಗಳ ತಜ್ಞರನ್ನು ಮತ್ತೆ ಹೊರಗಿಟ್ಟಿತು!

ಖರ್ಚು? ಡೌಬರ್ಟ್‌ನಲ್ಲಿ ಜಾಸ್ತಿ. ಫ್ರೈನಲ್ಲಿ ಸಾಮಾನ್ಯವಾಗಿ ಹೊಸ ವಿಧಾನಕ್ಕೆ ಮಾತ್ರ ತಕರಾರು. ಕಾರು ಗುದ್ದಿ ಬೆನ್ನುಮೂಳೆ ಮುರಿದಿದ್ದು ಎಂಆರ್‌ಐನಲ್ಲಿ ಕಾಣುತ್ತಿದ್ದರೆ ಎರಡೂ ಕಡೆ ಅಷ್ಟೇನೂ ವ್ಯತ್ಯಾಸವಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ರಾಸಾಯನಿಕದಿಂದ ಕಾಯಿಲೆ ಬಂತು ಅನ್ನೋ ಕೇಸಾದರೆ ಬೇರೆ ಮಾತು. ವಿಧಾನ ಹಳೆಯದು, ತಜ್ಞರ ತೀರ್ಮಾನ ಮಾತ್ರ ಹೊಸದು ಅಂದರೆ ನನ್ನ ಪ್ರಕಾರ ಫ್ರೈ ವಾಸಿ. ವಿಧಾನವೇ ಹೊಸದು, ಆದರೆ ಪರೀಕ್ಷೆ ಗಟ್ಟಿಯಾಗಿದೆ ಅಂದರೆ ಡೌಬರ್ಟ್. ಅಲ್ಲಿ ಫೆಡರಲ್ ಸಾಕ್ಷ್ಯ ನಿಯಮಕ್ಕೆ 2023ರ ಡಿಸೆಂಬರಿನ ತಿದ್ದುಪಡಿ ಆದಮೇಲೆ, ಸಾಕ್ಷ್ಯ ನಂಬಿಕೆಗೆ ಅರ್ಹ ಅಂತ ತೋರಿಸೋ ಹೊಣೆ ನಿಮ್ಮದೇ ಅನ್ನೋದು ನಿಯಮದಲ್ಲೇ ಸ್ಪಷ್ಟವಾಗಿದೆ.

ಇನ್ನೊಂದು, ಆಯ್ಕೆ ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಎದುರಾಳಿ ಬೇರೆ ರಾಜ್ಯದವರಾಗಿ, ಮೊತ್ತ 75,000 ಡಾಲರ್ ದಾಟಿದರೆ ಕೇಸನ್ನು ಫೆಡರಲ್‌ಗೆ ಎಳೆದೊಯ್ಯಬಹುದು.