ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್: ಒಂಬತ್ತು ವರ್ಷ ಆಡಿದ ಮೇಲೆ

ಉದ್ಯೋಗದ ನಿಮಿತ್ತ ಸ್ಕಾಟ್ಲೆಂಡಿನ ಫೈಫ್‌ಗೆ ಬಂದು ನೆಲೆಸಿದ ನಾನು, ಸ್ಥಳೀಯ ನಿವಾಸಿಗಳಿಗೆ ದೊರೆಯುವ ವಾರ್ಷಿಕ ಟಿಕೆಟಿನಲ್ಲಿ ಒಂಬತ್ತು ವರ್ಷಗಳಿಂದ ಇಲ್ಲಿನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಆಡುತ್ತಿದ್ದೇನೆ. ಮೊದಲ ದಿನ ಕಂಡಾಗ ನಿರಾಸೆಯೇ ಆಗಿತ್ತು. ಸಾಲುಮರಗಳಿಲ್ಲ, ಕೊಳವಿಲ್ಲ, ಹುರುಳಿ ಕಿತ್ತ ಹೊಲದ ಹಾಗೆ ಉಬ್ಬುತಗ್ಗಾಗಿ ಬಿದ್ದಿದ್ದ ಬಯಲು, ಅದರ ಮೇಲೆ ಕಡಲಗಾಳಿ. ಇದರ ಚೆಲುವು ನನ್ನ ಅರಿವಿಗೆ ಬರಲು ಎರಡು ಚಳಿಗಾಲ ಹಿಡಿಯಿತು.

ಅರಿವಿಗೆ ತಂದದ್ದು ಹನ್ನೆರಡನೆಯ ಹೋಲ್ (ಮೊದಲ ಹೊಡೆತದಿಂದ ಚೆಂಡು ರಂಧ್ರಕ್ಕೆ ಬೀಳುವವರೆಗಿನ ಆಟದ ಒಂದು ಹಂತ). ಟೀ ಎಂಬ ಮೊದಲ ಹೊಡೆತದ ಜಾಗದ ಮೇಲೆ ನಿಂತರೆ ಎದುರಿಗೆ ಬರೀ ಹುಲ್ಲು ಕಾಣಿಸುತ್ತದೆ. ನೇರವಾಗಿ ಹೊಡೆದ ಚೆಂಡು ಎಷ್ಟೋ ಸಲ ಮಾಯವಾಗಿ, ಹತ್ತಿರ ಹೋದಾಗ ಬಂಕರ್ ಎಂಬ ಆಳವಾದ ಮರಳು ಕುಳಿಯಲ್ಲಿ ಸಿಗುತ್ತಿತ್ತು. ಒಂದು ಸಂಜೆ, ರಂಧ್ರವಿರುವ ನುಣುಪು ಹುಲ್ಲುಹಾಸಾದ ಗ್ರೀನ್ ತಲುಪಿ ಹಿಂದಿರುಗಿ ನೋಡಿದೆ: ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಗೋಡೆಗಳ ಕೆಳಗೆ, ಟೀಯಿಂದ ಒಂದೂ ಕಾಣದಿದ್ದ ಬಂಕರುಗಳೆಲ್ಲ ಬಾಯಿ ತೆರೆದು ನನ್ನತ್ತಲೇ ನೋಡುತ್ತಿದ್ದವು. ಹಿಂದೆ ಈ ಕೋರ್ಸನ್ನು ವಿರುದ್ಧ ದಿಕ್ಕಿನಲ್ಲೂ ಆಡುತ್ತಿದ್ದರು. ಆ ಕಡೆಯಿಂದ ಬರುವವರಿಗೆ ಎದುರಾಗಿದ್ದ ಕುಳಿಗಳು ಈ ಕಡೆಯವರಿಗೆ ಬೆನ್ನು ಹಾಕಿವೆ. ಒಂದೇ ನೆಲ ಎರಡು ದಿಕ್ಕಿಗೆ ಎರಡು ಆಟಗಳನ್ನು ಅಡಗಿಸಿಟ್ಟುಕೊಂಡಿದೆ ಎಂದು ತಿಳಿದ ಆ ಗಳಿಗೆಯಲ್ಲಿ ನನಗಾದ ಸಂತೋಷ ಇಂದಿಗೂ ಆರಿಲ್ಲ.

1764ರಲ್ಲಿ ಇಲ್ಲಿನ 22 ಹೋಲ್‌ಗಳನ್ನು 18ಕ್ಕೆ ಇಳಿಸಿದರು; ಜಗತ್ತೆಲ್ಲ ಅದನ್ನೇ ಅನುಸರಿಸಿತು. ಹೋಗುವವರೂ ಬರುವವರೂ ಹಂಚಿಕೊಳ್ಳುವ ಏಳು ಜೋಡಿ ಗ್ರೀನ್‌ಗಳಿದ್ದು, ಪ್ರತಿ ಜೋಡಿಯ ಸಂಖ್ಯೆಗಳನ್ನು ಕೂಡಿದರೆ 18 ಬರುತ್ತದೆ: ಎರಡು–ಹದಿನಾರು, ಮೂರು–ಹದಿನೈದು, ಹೀಗೆ. ಹದಿನಾಲ್ಕರಲ್ಲಿ ಬಲಕ್ಕೆ ಗೋಡೆ, ಎಡಕ್ಕೆ ಬಿಯರ್ಡೀಸ್ ಎಂಬ ಬಂಕರುಗಳು, ನಡುವೆ ಎಲಿಸಿಯನ್ ಫೀಲ್ಡ್ಸ್ ಎಂಬ ಸಮತಟ್ಟು ಜಾಗ. ಅಲ್ಲಿಗೆ ಚೆಂಡು ಸೇರಿದರೂ ಮುಂದೆ ಮನೆಯಷ್ಟು ಅಗಲದ ಹೆಲ್ ಬಂಕರ್ ಕಾದಿರುತ್ತದೆ. ಅದನ್ನು ದಾಟಿಸಬಹುದು, ಇಲ್ಲವೇ ಎಡಕ್ಕೆ ಸರಿದು ಐದನೆಯ ಹೋಲ್‌ನ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ಹಿಡಿದು ಸುತ್ತಿ ಹೋಗಬಹುದು. ಗಾಳಿ ತಿರುಗಿದರೆ ನಿನ್ನೆಯ ಜಾಣತನ ಇಂದು ಕೆಲಸಕ್ಕೆ ಬಾರದು. ಒಳ್ಳೆಯ ವಿನ್ಯಾಸವೆಂದರೆ ನನ್ನ ಮಟ್ಟಿಗೆ ಇದೇ. ಒಂಬತ್ತು ಮತ್ತು ಹತ್ತನೆಯ ಹೋಲ್‌ಗಳು ಮಾತ್ರ ಸಪ್ಪೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಇಲ್ಲಿ ನಡೆದ 1921ರ ಓಪನ್ ಚಾಂಪಿಯನ್‌ಶಿಪ್ ಪಂದ್ಯಾವಳಿಯಲ್ಲಿ ಹನ್ನೊಂದನೆಯ ಹೋಲ್‌ನಲ್ಲಿ ಬೇಸತ್ತು ಆಟವನ್ನೇ ಕೈಬಿಟ್ಟಿದ್ದರು. 1927ರಲ್ಲಿ ಇಲ್ಲೇ ಓಪನ್ ಗೆದ್ದರು; ಮುಂದೆ, ಈ ಬಯಲನ್ನು ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆದಿದ್ದ ವಿನ್ಯಾಸಕ ಅಲಿಸ್ಟರ್ ಮೆಕೆಂಜಿಯವರೊಡನೆ ಸೇರಿ ಅಮೆರಿಕದಲ್ಲಿ ಅಗಸ್ಟಾ ನ್ಯಾಷನಲ್ ಗಾಲ್ಫ್ ಮೈದಾನವನ್ನು ರೂಪಿಸಿದರು. ಮೊದಲ ಭೇಟಿಯಲ್ಲಿ ಮುನಿಸಿಕೊಂಡವರು ನಾನೊಬ್ಬನೇ ಅಲ್ಲವೆಂಬುದು ನನಗೆ ಸಮಾಧಾನ.

ಬರುವವರಿಗೆ ನನ್ನ ಸಲಹೆ ಇಷ್ಟು. ಸಾಮಾನ್ಯವಾಗಿ ಭಾನುವಾರ ಇಲ್ಲಿ ಆಟವಿರುವುದಿಲ್ಲ. ಊರಿನವರು ನಾಯಿಗಳೊಡನೆ ಅಡ್ಡಾಡುತ್ತಾರೆ. ಕ್ಲಬ್‌ಗಳನ್ನು ಕೋಣೆಯಲ್ಲೇ ಬಿಟ್ಟು, ಸಂಜೆಯ ಓರೆಬಿಸಿಲಿನಲ್ಲಿ ಹದಿನೆಂಟರಿಂದ ಒಂದರ ಕಡೆಗೆ, ಆಟದ ವಿರುದ್ಧ ದಿಕ್ಕಿನಲ್ಲಿ ನಡೆಯಿರಿ. ನೆಲದ ಒಂದೊಂದು ಮಡಿಕೆಗೂ ಆಗ ನೆರಳು ಮೂಡಿರುತ್ತದೆ. ಹನ್ನೆರಡರ ಗ್ರೀನ್ ಮೇಲೆ ನಿಂತು ಟೀ ಕಡೆ ನೋಡುವುದನ್ನು ಮರೆಯಬೇಡಿ.